ಗಂಡು ಗಪ್ಪಿಗಳ ಬಣ್ಣ

ಕೊಚ್ಚಿಗೆ ಬಂದ ಹೊಸದರಲ್ಲಿ ಯಾರಾದರೂ ನನ್ನ ಕೆಲಸವೇನೆಂದು ಕೇಳಿದರೆ ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಡುತ್ತಿದ್ದೆ. ಕೊಳಚೆ ನೀರಿನಲ್ಲಿ ಸೇರಿಕೊಂಡು ಜೀವಿಗಳ ಹಾರ್ಮೋನುಗಳ ಲೆಕ್ಕ ತಪ್ಪಿಸುವ ರಾಸಾಯನಿಕಗಳಿವೆಯಲ್ಲ, ಅವನ್ನು ಹಿಡಿದು ಹಾಕುವ ದಾರಿ ಹುಡುಕುತ್ತೇನೆ ಎಂದು. ಕೇಳಿದವರು ತಲೆಯಾಡಿಸಿ, ಕೈಯನ್ನು ಏಲೂರಿನ ಕಡೆಗೆ ಚಾಚಿ, ಹೌದು ಹೌದು, ಕಾರ್ಖಾನೆಗಳ ವಿಷಯ ಎನ್ನುತ್ತಿದ್ದರು. ಕಾರ್ಖಾನೆಯಲ್ಲ, ನಿಮ್ಮ ಬಚ್ಚಲಿನ ವಿಷಯ, ನೀವು ನುಂಗುವ ಮಾತ್ರೆ, ಹಚ್ಚುವ ಸೋಪು, ಊಟ ಕಟ್ಟಿಸಿಕೊಳ್ಳುವ ಪ್ಲಾಸ್ಟಿಕ್ಕಿನ ವಿಷಯ ಎಂದು ನಾನು ಶುರು ಮಾಡಿದರೆ ಮುಖಗಳು ಸಣ್ಣಗಾಗುತ್ತಿದ್ದವು. ಆಮೇಲೆ ಬುದ್ಧಿ ಬಂತು. ನೀರಿನ ಇಲಾಖೆಗೆ ಸಂಬಂಧಪಟ್ಟದ್ದು ಎಂದಷ್ಟೇ ಹೇಳಿ ಚಹಾ ಕುಡಿಯುತ್ತಿದ್ದೆ.

ನಾನು ಮೈಸೂರಿನವಳು. ಒಂದು ಸಂಶೋಧನಾ ಸಂಸ್ಥೆಯ ಕೆಲಸ ನನ್ನನ್ನು ಕೊಚ್ಚಿಗೆ ತಂದಿತು, ಬ್ಯಾಂಕು ನನ್ನ ಯಜಮಾನರನ್ನು ತಿರುವನಂತಪುರಕ್ಕೆ ಕಳಿಸಿತು. ಅವರು ಅಲ್ಲಿನ ಪಟ್ಟಂನಲ್ಲಿ ಒಂದು ರೂಮು ಮಾಡಿಕೊಂಡಿದ್ದರು, ನಾನು ಕೊಚ್ಚಿಯ ತ್ರಿಪ್ಪುಣಿತ್ತುರದ ಒಂದು ಫ್ಲ್ಯಾಟಿನಲ್ಲಿದ್ದೆ. ಶನಿವಾರ ಬಂತೆಂದರೆ ಇಬ್ಬರಲ್ಲಿ ಒಬ್ಬರು ರೈಲು ಹತ್ತಬೇಕು. ಯಾರು ಹತ್ತಬೇಕು ಎಂಬುದಕ್ಕೆ ಶುಕ್ರವಾರ ರಾತ್ರಿ ಫೋನಿನಲ್ಲಿ ಒಂದು ಸಣ್ಣ ಜಗಳ ಆಗುತ್ತಿತ್ತು. ನಮ್ಮ ದಾಂಪತ್ಯ ಗಟ್ಟಿಯಾಗಿ ಉಳಿದದ್ದೇ ಆ ಜಗಳದಿಂದ ಅಂತ ನನ್ನ ನಂಬಿಕೆ.

ನಮ್ಮ ಫ್ಲ್ಯಾಟಿನ ಅಂಗಳದಲ್ಲಿ ಒಂದು ಕೊಳವಿತ್ತು. ಅದನ್ನು ಹಟ ಹಿಡಿದು ಕಟ್ಟಿಸಿದವರು ಅಸೋಸಿಯೇಷನ್ನಿನ ಕಾರ್ಯದರ್ಶಿ. ಶಾಲೆಯೊಂದರ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಇಡೀ ಕಟ್ಟಡ ಅವರನ್ನು ಟೀಚರ್ ಎಂದೇ ಕರೆಯುತ್ತಿತ್ತು, ಅವರಿಗಿಂತ ಹಿರಿಯರೂ ಕೂಡ. ಅವರು ನನ್ನನ್ನು 'ಮೋಳೆ' ಎನ್ನುತ್ತಿದ್ದರು, ಮಗಳೇ ಅಂತ. ಲಿಫ್ಟು ಕೆಟ್ಟರೆ, ನೀರು ನಿಂತರೆ, ಯಾರ ಮನೆಯ ಮಗ ಸಿಗರೇಟು ಸೇದಿದರೆ, ಎಲ್ಲಕ್ಕೂ ಅವರೇ. ಸಂಜೆ ಕೊಳದ ಕಟ್ಟೆಯ ಮೇಲೆ ಕೂತರೆ ಶಾಲೆಯ ಬೆಲ್ಲು ಹೊಡೆದ ಹಾಗೆ ಮಕ್ಕಳು ಗಲಾಟೆ ನಿಲ್ಲಿಸುತ್ತಿದ್ದರು. ನನಗೆ ಅವರನ್ನು ಕಂಡರೆ ಭಯವೂ ಇತ್ತು, ಬಹಳ ಪ್ರೀತಿಯೂ ಇತ್ತು. ನನಗೆ ಜ್ವರ ಬಂದಾಗ ಕಂಜಿ ತಂದುಕೊಟ್ಟು, ಕುಡಿಯುವ ತನಕ ಎದುರಿಗೆ ನಿಂತಿದ್ದವರು ಅವರು.

ಕೊಳಕ್ಕೆ ನೀರು ಬರುತ್ತಿದ್ದದ್ದು ನಮ್ಮದೇ ಶುದ್ಧೀಕರಣ ಘಟಕದಿಂದ. ಜನರೇಟರ್ ರೂಮಿನ ಹಿಂದೆ ಅದು ಹಗಲೂ ರಾತ್ರಿ ಗುರ್ ಎನ್ನುತ್ತಿತ್ತು. ಎಲ್ಲ ಮನೆಗಳ ಕೊಳಚೆ ಅಲ್ಲಿಗೆ ಹೋಗಿ, ಸೂಕ್ಷ್ಮಜೀವಿಗಳ ಬಾಯಿಗೆ ಬಿದ್ದು, ವಾಸನೆ ಕಳೆದುಕೊಂಡು, ತಿಳಿಯಾಗಿ ಹೊರಗೆ ಬರುತ್ತಿತ್ತು. ಗಿಡಗಳಿಗೂ ಫ್ಲಶ್ಶಿಗೂ ಕೊಳಕ್ಕೂ ಅದೇ ನೀರು. ಕಣ್ಣಿಗೆ ಯಾವ ದೋಷವೂ ಇಲ್ಲ. ಆದರೆ ಆ ಸೂಕ್ಷ್ಮಜೀವಿಗಳು ನಮ್ಮ ಮಕ್ಕಳ ಹಾಗೆ. ಇಷ್ಟವಾದದ್ದನ್ನು ತಿನ್ನುತ್ತವೆ, ಹಾರ್ಮೋನಿನಂಥ ಕಹಿ ಪದಾರ್ಥ ಬಂದರೆ ತಟ್ಟೆಯ ಅಂಚಿಗೆ ಸರಿಸಿಬಿಡುತ್ತವೆ. ಅದರ ಒಂದಿಷ್ಟು ಪಾಲು ನೀರಿನ ಜೊತೆಯೇ ಹೊರಗೆ ಬರುತ್ತದೆ.

ಇದು ನನ್ನ ಕಣ್ಣಿಗೆ ಬಿದ್ದದ್ದು ಮೀನುಗಳಿಂದ. ಸೊಳ್ಳೆ ಮರಿಗಳನ್ನು ತಿನ್ನಲಿ ಎಂದು ಟೀಚರ್ ಕೊಳಕ್ಕೆ ಗಪ್ಪಿ ಮೀನು ಬಿಡಿಸಿದ್ದರು. ಗಪ್ಪಿಗಳಲ್ಲಿ ಅಲಂಕಾರವೆಲ್ಲ ಗಂಡಿನದು. ಮೈಮೇಲೆ ಕಿತ್ತಳೆ ಚುಕ್ಕೆ, ಕಪ್ಪು ಬೊಟ್ಟು, ಬಾಲದಲ್ಲಿ ಮಿಂಚು. ಹೆಣ್ಣು ಪಾಪ ಬೂದಿ ಬಣ್ಣದ್ದು. ನಮ್ಮ ಕೊಳದಲ್ಲಿ ನೋಡಿದರೆ ಎಲ್ಲವೂ ಬೂದಿ. ಎಲ್ಲವೂ ಹೆಣ್ಣೇ ಇರಬೇಕೆಂದು ಟೀಚರ್ ಹೆಮ್ಮೆಪಡುತ್ತಿದ್ದರು. ನಾನು ಕೆಲವನ್ನು ಗಾಜಿನ ಲೋಟಕ್ಕೆ ಹಿಡಿದು ನೋಡಿದೆ. ಹೊಟ್ಟೆಯ ಕೆಳಗೆ ಕಡ್ಡಿಯಂಥ ಸಣ್ಣ ರೆಕ್ಕೆ ಇದ್ದರೆ ಅದು ಗಂಡು. ಕಡ್ಡಿ ಇತ್ತು, ಬಣ್ಣ ಇರಲಿಲ್ಲ.

ಪ್ರಯೋಗಶಾಲೆಯಲ್ಲಿ ನಾನು ಆಗಲೇ ಒಂದು ಸಣ್ಣ ಯಂತ್ರ ಮಾಡಿಟ್ಟುಕೊಂಡಿದ್ದೆ. ಮೊದಲು ನೀರಿಗೆ ಓಝೋನ್ ಅನಿಲದ ಗುಳ್ಳೆಗಳನ್ನು ಹಾಯಿಸುವುದು, ಆಮೇಲೆ ಎತ್ತರದ ಕೊಳವೆಯಲ್ಲಿ ತುಂಬಿದ ತೆಂಗಿನ ಕರಟದ ಇದ್ದಿಲಿನ ಮೂಲಕ ಇಳಿಸುವುದು. ಒಡೆಯಬೇಕಾದದ್ದನ್ನು ಗುಳ್ಳೆ ಒಡೆಯುತ್ತದೆ, ಉಳಿದದ್ದನ್ನು ಇದ್ದಿಲು ಹಿಡಿದುಕೊಳ್ಳುತ್ತದೆ. ಕೇರಳದಲ್ಲಿ ಕರಟಕ್ಕೇನು ಬರವೇ? ಇದನ್ನು ನಮ್ಮ ಫ್ಲ್ಯಾಟಿನ ಘಟಕದ ಬಾಲಕ್ಕೆ ಜೋಡಿಸಿ, ನಿಜವಾದ ಮನೆಗಳ ನಿಜವಾದ ಕೊಳಚೆಯಲ್ಲಿ ಪರೀಕ್ಷಿಸಬೇಕೆಂಬುದು ನನ್ನ ಆಸೆ. ಸಂಸ್ಥೆ ಒಪ್ಪಿತು. ಇನ್ನು ಅಸೋಸಿಯೇಷನ್ ಒಪ್ಪಬೇಕಿತ್ತು.

ಆ ಸಭೆಯನ್ನು ನೆನೆಸಿಕೊಂಡರೆ ಈಗಲೂ ನಗು ತಡೆಯಲಾಗುವುದಿಲ್ಲ. ನನ್ನ ಮಲಯಾಳಂ ಆಗ ಅರ್ಧ ಬೆಂದ ಅನ್ನ. ಕನ್ನಡದ ಮಾತಿಗೆ ಮಲಯಾಳಂ ಬಾಲ ಅಂಟಿಸಿ, ಸಿಕ್ಕಿಹಾಕಿಕೊಂಡಲ್ಲಿ ಇಂಗ್ಲಿಷ್ ತುಂಬಿ ಹೇಗೋ ಹೇಳುತ್ತಿದ್ದೆ. ಅಂಕಲ್‌ಗಳೆಲ್ಲ ಹಿಂದಿನ ಸಾಲಿನಲ್ಲಿ ಫೋನು ನೋಡುತ್ತ ಕೂತಿದ್ದರು. ಯಂತ್ರದ ಸದ್ದು ಎಷ್ಟು, ಜಾಗ ಎಷ್ಟು, ಕರೆಂಟು ಯಾರು ಕಟ್ಟುತ್ತಾರೆ ಎಂದು ಅಡ್ಡಪ್ರಶ್ನೆಗಳು. ಕೊನೆಗೆ ನಾನು ಬೇಸತ್ತು, ನೋಡಿ, ನಮ್ಮ ಕೊಳದಲ್ಲಿ ಗಂಡು ಮೀನುಗಳು ಗಂಡಿನ ಲಕ್ಷಣವನ್ನೇ ಕಳೆದುಕೊಂಡಿವೆ ಎಂದುಬಿಟ್ಟೆ. ಫೋನುಗಳು ಒಂದೊಂದಾಗಿ ಕೆಳಗಿಳಿದವು. ನೌಕಾಪಡೆಯಿಂದ ನಿವೃತ್ತರಾದ ಒಬ್ಬ ಅಂಕಲ್ ಗಂಟಲು ಸರಿಮಾಡಿಕೊಂಡು, ಇದು ಮೀನಿಗೆ ಮಾತ್ರವೋ ಅಥವಾ ಎಂದು ಅರ್ಧಕ್ಕೇ ನಿಲ್ಲಿಸಿದರು. ಮನುಷ್ಯರ ಮೇಲೆ ಇಷ್ಟು ಸಣ್ಣ ಪ್ರಮಾಣ ಏನು ಮಾಡುತ್ತದೆಂದು ಖಚಿತವಾಗಿ ಗೊತ್ತಿಲ್ಲ, ಅದೂ ಅಲ್ಲದೆ ನಾವು ಈ ನೀರು ಕುಡಿಯುವುದಿಲ್ಲವಲ್ಲ ಎಂದು ನಾನು ಪ್ರಾಮಾಣಿಕವಾಗಿ ವಿವರಿಸಿದೆ. ಆ ವಿವರಣೆ ಯಾರ ಕಿವಿಗೂ ಬೀಳಲಿಲ್ಲ. ಒಪ್ಪಿಗೆಗೆ ಕೈಗಳೆಲ್ಲ ಮೇಲೆದ್ದಿದ್ದವು. ಟೀಚರ್ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು.

ಯಂತ್ರ ಬಂತು. ಅದರ ಜೊತೆ ನನ್ನ ಕಾಟವೂ ಬಂತು. ಮಾದರಿ ನೀರು ಹಿಡಿಯಲು ಪ್ಲಾಸ್ಟಿಕ್ ಮುಟ್ಟುವಂತಿಲ್ಲ, ಎಲ್ಲ ಗಾಜು. ಹತ್ತಿರ ಬರುವವರು ಸೆಂಟು, ಪೌಡರು, ಕೈಗೆ ಕ್ರೀಮು ಹಚ್ಚಿರಬಾರದು. ಅಷ್ಟರಿಂದಲೇ ಪರೀಕ್ಷೆ ಕೆಡುತ್ತದೆ. ನಮ್ಮ ಯಜಮಾನರಂತೂ, ನಿನ್ನನ್ನು ನೋಡಲು ಬರಬೇಕಾದರೆ ಬರೀ ನೀರಲ್ಲಿ ಮಿಂದು ಮಡಿಯಲ್ಲಿ ಬರಬೇಕು ಕಣೇ ಎಂದು ಊರೆಲ್ಲ ಸಾರಿಕೊಂಡು ಬಂದರು. ಮೊದಲ ತಿಂಗಳು ಇದ್ದಿಲು ಕಟ್ಟಿಕೊಂಡು ನೀರು ಹಿಂದಕ್ಕೆ ಬಂತು, ಕಾರು ನಿಲ್ಲಿಸುವ ಜಾಗವೆಲ್ಲ ಕಪ್ಪಾಯಿತು. ಟೀಚರ್ ಪೊರಕೆ ಹಿಡಿದು ಮುಂದೆ ನಿಂತರೇ ಹೊರತು ಒಂದು ಮಾತು ಆಡಲಿಲ್ಲ. ಆಮೇಲೆ ಅದು ಹಾದಿಗೆ ಬಂತು. ಯಂತ್ರದೊಳಕ್ಕೆ ಹೋಗುವ ನೀರಿನಲ್ಲಿ ಕಾಣುತ್ತಿದ್ದ ರಾಸಾಯನಿಕಗಳು ಹೊರಬರುವ ನೀರಿನಲ್ಲಿ ಹೆಚ್ಚುಕಡಿಮೆ ಮಾಯವಾಗಿದ್ದವು. ಆ ಫಲಿತಾಂಶ ಮೊದಲು ಕಂಡ ದಿನ ನಾನು ಪ್ರಯೋಗಶಾಲೆಯಲ್ಲಿ ಒಬ್ಬಳೇ ಕುಣಿದೆ. ಯಾರೂ ನೋಡಲಿಲ್ಲವೆಂದು ಅಂದುಕೊಂಡಿದ್ದೇನೆ.

ಒಂದೇ ಕೊರತೆ. ಮೀನಿಗೆ ಬಣ್ಣ ಬರಲಿಲ್ಲ. ದಿನಾ ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ಕೊಳದ ಹತ್ತಿರ ಹೋಗಿ ಬಗ್ಗಿ ನೋಡುತ್ತಿದ್ದೆ. ಪಾಚಿಗೆ ಕಪ್ಪಾದ ತಳ, ತಾವರೆ ಎಲೆ, ನಡುವೆ ಅದೇ ಬೂದಿ ಮೀನುಗಳು. ಟೀಚರ್ ಕೂಡ ಪಕ್ಕದಲ್ಲಿ ಬಂದು ಬಗ್ಗುತ್ತಿದ್ದರು. ಬಣ್ಣ ಕಾಣದೆ ಇಬ್ಬರೂ ಎದ್ದು ಹೋಗುತ್ತಿದ್ದೆವು.

ಹೀಗಿರುವಾಗ ತಿರುವನಂತಪುರದಿಂದ ಕರೆ ಬಂತು. ಪಟ್ಟಂನ ಕಚೇರಿಯೊಂದರಲ್ಲಿ ಕೂರುವ ಸಮಿತಿ, ಇಂಥ ಯಂತ್ರಗಳಲ್ಲಿ ಯಾವುದನ್ನು ಮುಂದುವರಿಸಬೇಕು, ಯಾವುದನ್ನು ನಿಲ್ಲಿಸಬೇಕು ಎಂದು ತೀರ್ಮಾನಿಸುತ್ತದೆ. ನಿಲ್ಲಿಸು ಎಂದರೆ ಬಿಚ್ಚಿ ಒಯ್ಯುವುದೇ. ನನ್ನ ಇಷ್ಟು ವರ್ಷದ ದುಡಿಮೆಯೆಲ್ಲ ಆ ಕೊಳವೆಯೊಳಗಿತ್ತು. ಅದು ಹೋದರೆ ನಾನು ಮತ್ತೆ ಯಾರದೋ ಯೋಜನೆಯ ಬಾಲ ಹಿಡಿಯಬೇಕಿತ್ತು.

ಸಮಿತಿಯ ಮುಖ್ಯಸ್ಥೆ ನನ್ನ ಗ್ರಾಫುಗಳನ್ನೆಲ್ಲ ತಾಳ್ಮೆಯಿಂದ ನೋಡಿದರು. ಬಿಳಿ ಕೂದಲು, ಖಾದಿ ಸೀರೆ, ಮಾತು ಕಡಿಮೆ. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ, ಈ ನೀರಿನಲ್ಲಿ ಬದುಕುವ ಜೀವಕ್ಕೆ ಏನಾದರೂ ಗೊತ್ತಾಗಿದೆಯೇ ಎಂದು. ಕೊಳದಲ್ಲಿ ಗಪ್ಪಿಗಳಿವೆ ಎಂದು ನಾನು ಬಾಯಿಬಿಟ್ಟೆ. ಸರಿ, ನಾಳೆ ನಿಮ್ಮ ಜೊತೆಯೇ ಬಂದು ಮೀನು ನೋಡುತ್ತೇನೆ, ಯಂತ್ರ ಮಾಡಿದ್ದನ್ನು ಯಂತ್ರಗಳೇ ಅಳೆದರೆ ನನಗೆ ಸಮಾಧಾನವಾಗುವುದಿಲ್ಲ ಎಂದರು.

ಹೊರಗೆ ಬಂದು ಬಸ್‌ಸ್ಟಾಪಿನಲ್ಲಿ ನಿಂತೇ ಟೀಚರಿಗೆ ಫೋನು ಮಾಡಿದೆ. ನಾಳೆ ಮೇಡಂ ಬರುತ್ತಾರೆ, ಮೀನಿನ ಬಣ್ಣ ನೋಡುತ್ತಾರಂತೆ, ಅದು ಕಾಣದಿದ್ದರೆ ನಮ್ಮ ಯಂತ್ರ ಹೋಯಿತೆಂದೇ ಲೆಕ್ಕ ಎಂದೆ. ಅಳು ಬರುವ ಹಾಗಿತ್ತು. ಟೀಚರ್, ನೀನು ನಿಶ್ಚಿಂತೆಯಾಗಿ ಬಾ ಮೋಳೆ, ಇಲ್ಲಿನದು ನಾನು ನೋಡಿಕೊಳ್ಳುತ್ತೇನೆ ಎಂದರು. ಅಂಗಳ ಗುಡಿಸಿ ಇಡುತ್ತಾರೆ ಎಂದುಕೊಂಡೆ. ರಾತ್ರಿ ಯಜಮಾನರ ರೂಮಿನಲ್ಲಿ ಊಟ ಸೇರಲಿಲ್ಲ. ಅವರು, ಹೋದರೆ ಹೋಯ್ತು ಬಿಡು, ಪಟ್ಟಂಗೆ ಬಂದುಬಿಡು, ಒಂದು ಬಾಡಿಗೆ ಉಳಿಯುತ್ತೆ ಎಂದು ಸಮಾಧಾನ ಹೇಳಹೋಗಿ ಬೈಸಿಕೊಂಡರು.

ಮರುದಿನ ಬೆಳಗಿನ ರೈಲಿನಲ್ಲಿ ಮೇಡಂ ಜೊತೆ ಹೊರಟೆ. ಅವರು ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಬರುವ ಹಿನ್ನೀರಿನ ಕಾಯಲುಗಳನ್ನು ನೋಡಿದರು, ನಾನು ನನ್ನ ಉಗುರುಗಳನ್ನು ನೋಡಿದೆ. ತ್ರಿಪ್ಪುಣಿತ್ತುರದಲ್ಲಿ ಇಳಿದು ಆಟೋ ಹಿಡಿದೆವು. ಗೇಟಿನಲ್ಲೇ ಅಂಕಲ್‌ಗಳು ಇಸ್ತ್ರಿ ಮಾಡಿದ ಮುಂಡು ಉಟ್ಟು ಸಾಲಾಗಿ ನಿಂತಿದ್ದರು. ಟೀಚರ್ ಜರಿಯಂಚಿನ ಕಸವು ಸೀರೆಯಲ್ಲಿದ್ದರು. ಕೊಳದ ಕಟ್ಟೆಗೆ ಸುಣ್ಣ ಬಳಿದಿತ್ತು. ಒಂದು ತಟ್ಟೆಯಲ್ಲಿ ಬಿಸಿಬಿಸಿ ಪಳಂಪೊರಿ, ಕರಿದ ಬಾಳೆಹಣ್ಣಿನ ಪರಿಮಳ ಅಂಗಳವೆಲ್ಲ ಹರಡಿತ್ತು.

ಮೇಡಂ ಕೊಳದ ಬಳಿ ಬಗ್ಗಿದರು. ನಾನೂ ಬಗ್ಗಿದೆ. ಕೊಳ ಝಗಝಗ ಎನ್ನುತ್ತಿತ್ತು. ಕೆಂಪು ಬಾಲ, ಹಳದಿ ಬಾಲ, ನವಿಲಿನ ಕಣ್ಣಿನಂಥ ನೀಲಿ ಬಾಲ, ಸೆರಗಿನಷ್ಟು ಅಗಲದ ಬಾಲಗಳನ್ನು ಬೀಸಿಕೊಂಡು ಮೀನುಗಳು ಮದುವೆ ದಿಬ್ಬಣದ ಹಾಗೆ ಓಡಾಡುತ್ತಿದ್ದವು. ಮೇಡಂ ಮುಖದಲ್ಲಿ ಮೊದಲ ಸಲ ನಗು ಕಂಡಿತು. ಎಂಥ ಚೆಂದ, ಇದಕ್ಕಿಂತ ಇನ್ನೇನು ಬೇಕು, ಯಂತ್ರ ಮುಂದುವರಿಯಲಿ ಎಂದು ಇವತ್ತೇ ಬರೆಯುತ್ತೇನೆ ಎನ್ನುತ್ತ ಫೋಟೋ ತೆಗೆಯತೊಡಗಿದರು. ಅಂಕಲ್‌ಗಳು ತಾವೇ ಬಣ್ಣ ಬಿಟ್ಟವರ ಹಾಗೆ ಎದೆ ಉಬ್ಬಿಸಿದರು.

ಅಷ್ಟಗಲದ ಬಾಲ ನಮ್ಮ ಕೊಳದ ಮೀನಿಗೆ ಏಳು ಜನ್ಮಕ್ಕೂ ಬರುವಂಥದ್ದಲ್ಲ. ಅಂಗಡಿಯ ಮೀನುಗಳು ಅವು. ನಾನು ತಲೆಯೆತ್ತಿ ಟೀಚರನ್ನು ನೋಡಿದೆ. ಅವರು ಪಳಂಪೊರಿಯ ತಟ್ಟೆ ಹಿಡಿದು, ಹೆಣ್ಣು ತೋರಿಸಿ ಗೆದ್ದ ತಾಯಿಯ ಮುಖದಲ್ಲಿ ನನ್ನನ್ನೇ ನೋಡುತ್ತಿದ್ದರು.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕಣ್ಣು ತುಂಬಿ ಬಂತು. ನನಗಾಗಿ ಈ ವಯಸ್ಸಿನಲ್ಲಿ ಯಾವ ಮೀನಂಗಡಿಗೆ ಹೋದರೋ, ಯಾರನ್ನು ಹಿಡಿದು ಕೊಳಕ್ಕೆ ಬಲೆ ಹಾಕಿಸಿದರೋ. ಸುಮ್ಮನಿದ್ದರೆ ಯಂತ್ರ ಉಳಿಯುತ್ತದೆ. ಮಾತಾಡಿದರೆ ಯಂತ್ರವೂ ಹೋಗುತ್ತದೆ, ಇಷ್ಟು ಜನರ ಎದುರು ಟೀಚರ ಮಾನವೂ ಹೋಗುತ್ತದೆ. ಆದರೆ ಇದನ್ನು ನಂಬಿ ನಾಳೆ ಇನ್ನೊಂದು ಕಡೆ, ಮತ್ತೊಂದು ಕಡೆ ಇದೇ ಯಂತ್ರ ಕೂರಿಸುತ್ತಾರೆ. ಅದು ಮೀನಿಗೆ ಉಪಕಾರ ಮಾಡಿದೆಯೋ ಇಲ್ಲವೋ ನನಗೇ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ನನ್ನ ಹೆಸರಿನಲ್ಲಿ ಬರೆಸಿಕೊಳ್ಳಲು ಮನಸ್ಸು ಒಪ್ಪಲಿಲ್ಲ.

"ಮೇಡಂ, ಈ ಮೀನುಗಳು ನಮ್ಮವಲ್ಲ" ಎಂದೆ. "ನಮ್ಮವು ಬೂದಿ ಬಣ್ಣದವು."

ಫೋಟೋ ತೆಗೆಯುತ್ತಿದ್ದ ಕೈ ನಿಂತಿತು. ಅಂಕಲ್‌ಗಳು ಆಕಾಶ ನೋಡಿದರು. ಟೀಚರ್ ತಟ್ಟೆಯನ್ನು ನಿಧಾನವಾಗಿ ಕಟ್ಟೆಯ ಮೇಲೆ ಇಟ್ಟು, ಯಾರೂ ಕೇಳುವ ಮೊದಲೇ ಮುಂದೆ ಬಂದರು. ಹುಡುಗಿಗೆ ಏನೂ ಗೊತ್ತಿಲ್ಲ, ನಿನ್ನೆ ಅವಳು ಊರಲ್ಲೇ ಇರಲಿಲ್ಲ, ಮಾಡಿಸಿದವಳು ನಾನು ಎಂದರು. ದನಿಯಲ್ಲಿ ಅಳುಕಿರಲಿಲ್ಲ. ಇನ್ಸ್‌ಪೆಕ್ಷನ್ ಎಂದರೆ ನನಗೆ ಗೊತ್ತಿರುವುದು ಇದೊಂದೇ ರೀತಿ ಎಂದೂ ಸೇರಿಸಿದರು.

ಮೇಡಂ ಸಿಡುಕಲಿಲ್ಲ, ನಗಲೂ ಇಲ್ಲ. ಹಳೆಯ ಮೀನುಗಳನ್ನು ಏನು ಮಾಡಿದಿರಿ ಎಂದು ಕೇಳಿದರು.

ಎಸೆಯುತ್ತೇನೆಯೇ, ಹಿಂದುಗಡೆ ಇಟ್ಟಿದ್ದೇನೆ, ನೋಡುವ ಹಾಗಿಲ್ಲ ಅವು ಎಂದರು ಟೀಚರ್. ನೋಡೋಣ ಎಂದು ಮೇಡಂ ಹೊರಟೇಬಿಟ್ಟರು.

ಜನರೇಟರ್ ರೂಮಿನ ಹಿಂದೆ, ನನ್ನ ಯಂತ್ರದ ಪಕ್ಕದಲ್ಲಿ, ಯಾರದೋ ಮನೆಯ ರಿಪೇರಿಯಲ್ಲಿ ಕಿತ್ತು ತಂದಿಟ್ಟ ಒಂದು ಬಿಳಿಯ ಸ್ನಾನದ ತೊಟ್ಟಿ ಬಹಳ ದಿನದಿಂದ ಬಿದ್ದಿತ್ತು. ಟೀಚರ್ ಅದನ್ನು ಉಜ್ಜಿ ತೊಳೆಸಿ, ಯಂತ್ರದ ನಲ್ಲಿಯಿಂದಲೇ ನೀರು ತುಂಬಿಸಿ, ಹಳೆಯ ಮೀನುಗಳನ್ನೆಲ್ಲ ಅದರಲ್ಲಿ ಬಿಡಿಸಿದ್ದರು. ಬಿಸಿಲು ತಾಗದಂತೆ ಮೇಲೆ ಒಂದು ಹಳೆಯ ಮುಂಡು ಹೊದಿಸಿತ್ತು. ಮೇಡಂ ಅದನ್ನು ಸರಿಸಿ ಬಗ್ಗಿದರು. ನನಗೆ ನೋಡುವ ಮನಸ್ಸೇ ಇರಲಿಲ್ಲ. ದಿನಾ ನೋಡಿ ಬೇಸತ್ತ ಬೂದಿಯೇ ತಾನೆ.

ಸ್ವಲ್ಪ ಹೊತ್ತಾದ ಮೇಲೆ ಮೇಡಂ, ಇಲ್ಲಿ ಬಂದು ಈ ಸಣ್ಣದನ್ನು ನೋಡಿ ಎಂದು ಕರೆದರು.

ಬಿಳಿಯ ತಳದ ಮೇಲೆ ಪ್ರತಿಯೊಂದು ಮೀನೂ ನಿಚ್ಚಳವಾಗಿ ಕಾಣುತ್ತಿತ್ತು. ನಾನು ದಿನಾ ನೋಡುತ್ತಿದ್ದದ್ದು ಮೇಲೆ ಈಜುವ ದೊಡ್ಡ ಮೀನುಗಳನ್ನು. ಗಪ್ಪಿಗಳಿಗೆ ತಮ್ಮ ಮರಿಗಳನ್ನೇ ತಿನ್ನುವ ಚಾಳಿ, ಹಾಗಾಗಿ ಚಿಕ್ಕವು ತಾವರೆಯ ಬೇರಿನ ಸಂದಿಯಲ್ಲಿ ಅಡಗಿಕೊಂಡೇ ಬೆಳೆಯುತ್ತವೆ. ಒಂದನ್ನೂ ಬಿಡದೆ ಹಿಡಿಸಬೇಕೆಂದು ಟೀಚರ್ ಬೇರನ್ನೆಲ್ಲ ಜಾಲಾಡಿಸಿದ್ದರು. ಆ ಮರಿಗಳು ಯಂತ್ರ ಬಂದ ಮೇಲೆ ಹುಟ್ಟಿದವು. ಮೇಡಂ ಬೆರಳು ತೋರಿಸಿದ ಮರಿಯ ಪಕ್ಕೆಯಲ್ಲಿ, ಬಾಲದ ಹತ್ತಿರ, ಒಂದು ಕಿತ್ತಳೆ ಚುಕ್ಕೆ ಇತ್ತು. ಸಾಸಿವೆ ಕಾಳಿಗಿಂತ ಚಿಕ್ಕದು. ಅದರ ಆಚೆ ಇನ್ನೊಂದು, ಕಪ್ಪು ಬೊಟ್ಟಿನ ಜೊತೆ. ಮೂಲೆಯಲ್ಲಿ ಮತ್ತೊಂದು. ದೊಡ್ಡವು ಬೂದಿಯಾಗಿಯೇ ಇದ್ದವು, ಬಣ್ಣ ಬರುವ ಅವುಗಳ ಕಾಲ ಮುಗಿದಿತ್ತು. ನಾನು ತೊಟ್ಟಿಯ ಅಂಚು ಹಿಡಿದು ನೆಲದ ಮೇಲೆ ಕೂತುಬಿಟ್ಟೆ.

ಮೇಡಂ ಬಹಳ ಹೊತ್ತು ನೋಡಿದರು. ಇಷ್ಟರಿಂದ ಗೆದ್ದಿತೆಂದು ಬರೆಯಲಾರೆ, ಯಂತ್ರ ಇಲ್ಲೇ ಇರಲಿ ಎಂದು ಬರೆಯಬಲ್ಲೆ, ಇವುಗಳ ಮರಿಗಳನ್ನೂ ನೋಡಬೇಕು ಎಂದರು. ಅಂಗಡಿಯಿಂದ ಒಂದು ಮೀನೂ ಬರಕೂಡದು ಎಂದು ಟೀಚರ ಕಡೆ ತಿರುಗಿ ಹೇಳಿದರು. ಟೀಚರ್ ಶಾಲೆಯ ಹುಡುಗಿಯ ಹಾಗೆ ತಲೆಯಾಡಿಸಿದರು. ಆಮೇಲೆ ಮೇಡಂ ಪಳಂಪೊರಿ ತಿಂದು, ಇನ್ನೊಂದನ್ನು ಕೇಳಿ ಹಾಕಿಸಿಕೊಂಡು, ಸಂಜೆಯ ರೈಲಿಗೆ ಹೊರಟರು. ಬಣ್ಣದ ಮೀನುಗಳನ್ನು ಅಂಕಲ್‌ಗಳು ಒಂದೊಂದು ಗಾಜಿನ ಜಾಡಿಯಲ್ಲಿ ಮನೆಗೊಯ್ದರು. ನೌಕಾಪಡೆಯ ಅಂಕಲ್ ಅತಿ ಕೆಂಪನೆಯದನ್ನೇ ಆರಿಸಿಕೊಂಡರು.

ಸಂಜೆ ನಾನೂ ಟೀಚರೂ ತೊಟ್ಟಿಯ ಮೀನುಗಳನ್ನು ವಾಪಸು ಕೊಳಕ್ಕೆ ಬಿಡಲು ಕೂತೆವು. ನಾನು ಅವರ ಕ್ಷಮೆ ಕೇಳಬೇಕೆಂದಿದ್ದೆ. ಅವರು ಅದಕ್ಕೆ ಎಡೆಗೊಡಲಿಲ್ಲ, ಬೇರೇನೋ ಯೋಚನೆಯಲ್ಲಿದ್ದರು.

"ನನ್ನ ಶಾಲೆಗೆ ಇನ್ಸ್‌ಪೆಕ್ಷನ್ ಬಂದಾಗಲೆಲ್ಲ ಕಲಿಕೆಯಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಲೈಬ್ರರಿ ಕೋಣೆಗೆ ಕಳಿಸಿ ಬಾಗಿಲು ಎಳೆದುಬಿಡುತ್ತಿದ್ದೆ, ಮೋಳೆ" ಎಂದರು. "ಅವರನ್ನೂ ನೋಡೋಣ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಒಳಗೆ ಹೋಗಿ ನೋಡಲಿಲ್ಲ."

ಅವರು ಬೊಗಸೆಯಲ್ಲಿ ಒಂದು ಮರಿಯನ್ನು ಎತ್ತಿ, ಬೆಳಕಿಗೆ ಹಿಡಿದು ಪಕ್ಕೆ ನೋಡಿ, ಏನೋ ಗೊಣಗಿ ಕೊಳಕ್ಕೆ ಬಿಟ್ಟರು. ಇನ್ನೊಂದನ್ನು ಎತ್ತಿದರು, ಮತ್ತೆ ಏನೋ ಗೊಣಗಿದರು. ಮೀನುಗಳಿಗೆ ಹೆಸರಿಡುತ್ತಿದ್ದಾರೆ ಎಂದುಕೊಂಡು ನಾನು ನಕ್ಕೆ. ಆಮೇಲೆ ಕಿವಿಗೊಟ್ಟು ಕೇಳಿದೆ. ಪ್ರತಿ ಹೆಸರಿನ ಜೊತೆ ಮನೆಹೆಸರೂ ಇತ್ತು, ತರಗತಿಯೂ ಇತ್ತು. ಆ ಕೋಣೆಯಲ್ಲಿ ಕೂತಿದ್ದ ಮಕ್ಕಳು ಯಾರೂ ಅವರಿಗೆ ಮರೆತಿರಲಿಲ್ಲ.